ಕ್ಯಾಮೆರಾ ಹಾಕಿದ್ರೆ ಫೋಕಸ್ ಬರ್ತಿಲ್ವಾ? ಸ್ಪೇಸರ್ ಆರ್ಡರ್ ಮಾಡೋ ಮುಂಚೆ ಸ್ಕೇಲ್ ಹುಡುಕಿ

ಮಳೆ ನಿಂತು ನವೆಂಬರ್ ಬಂತು ಅಂದ್ರೆ ಸಾಕು, ನಮ್ಮ ಬೆಂಗಳೂರಿನ ಆಕಾಶ ನೋಡೋ ಮಂದಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ನಂಬರ್‌ಗಳಿಂದ ಬರೋಕೆ ಶುರುವಾಗುತ್ತೆ. "ಸರ್, ಹೊಸ ರಿಫ್ರಾಕ್ಟರ್ ಟೆಲಿಸ್ಕೋಪ್ ತಗೊಂಡೆ, ಐಪೀಸ್‌ನಲ್ಲಿ ಚಂದ್ರ ಸೂಪರಾಗಿ ಕಾಣ್ತಾನೆ, ಕ್ಯಾಮೆರಾ ಹಾಕಿದ್ರೆ ಮಾತ್ರ ಬರೀ ಬಿಳಿ ಉಂಡೆ, ಫೋಕಸರ್ ಕೊನೇವರೆಗೂ ಹೊರಗೆ ತಂದ್ರೂ ಶಾರ್ಪ್ ಆಗ್ತಿಲ್ಲ, ಪೀಸೇ ಡಿಫೆಕ್ಟಾ?" ಅದಕ್ಕೆ ಒಬ್ರು 20 ಮಿ.ಮೀ. ಸ್ಪೇಸರ್ (ಟೆಲಿಸ್ಕೋಪಿಗೂ ಕ್ಯಾಮೆರಾಗೂ ಮಧ್ಯೆ ದೂರ ಹೆಚ್ಚಿಸೋಕೆ ಹಾಕೋ ಟೊಳ್ಳು ರಿಂಗ್) ಹಾಕಿ ಅಂತಾರೆ, ಇನ್ನೊಬ್ರು 50 ಅಂತಾರೆ, ಮತ್ತೊಬ್ರು ನಂದು 55ರಲ್ಲಿ ಬಂತು ನೋಡಿ ಅಂತ ಫೋಟೋನೇ ಹಾಕ್ತಾರೆ. ಅವರವರ ಟೆಲಿಸ್ಕೋಪಿಗೆ ಅವರವರ ನಂಬರ್ ಸರೀನೇ. ಕೇಳಿದವನ ಟೆಲಿಸ್ಕೋಪಿಗೆ ಎಷ್ಟು ಬೇಕು ಅನ್ನೋದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲ್ಲ, ಯಾಕಂದ್ರೆ ಯಾರೂ ಅಳತೆ ಕೇಳಲ್ಲ.

ಪೀಸ್ ಡಿಫೆಕ್ಟ್ ಅಲ್ಲ, ಅದು ಮೊದಲು ತಲೆಯಿಂದ ತೆಗೀರಿ. ರಿಫ್ರಾಕ್ಟರ್‌ನಲ್ಲಿ ಮುಂದಿನ ಲೆನ್ಸು ಬೆಳಕನ್ನ ಹಿಂದೆ ಒಂದು ಜಾಗಕ್ಕೆ ತಂದು ನಿಲ್ಲಿಸುತ್ತೆ, ಆ ಜಾಗದಲ್ಲಿ ಐಪೀಸ್ ಇದ್ರೆ ಕಣ್ಣಿಗೆ ಶಾರ್ಪು, ಸೆನ್ಸರ್ ಇದ್ರೆ ಫೋಟೋ ಶಾರ್ಪು. ಕಂಪನಿಯವರು ಟ್ಯೂಬ್ ಕತ್ತರಿಸೋವಾಗ ಜನ ಡಯಾಗನಲ್ ಹಾಕ್ಕೊಂಡು ನೋಡ್ತಾರೆ ಅಂತ ಲೆಕ್ಕ ಇಟ್ಕೊಂಡಿರ್ತಾರೆ. ಕತ್ತು ನೋಯದೆ ಮೇಲಿಂದ ನೋಡೋಕೆ ಇರೋ ಆ ಕನ್ನಡಿ ಡಬ್ಬಿ ಇದೆಯಲ್ಲ, 2 ಇಂಚಿನದ್ದಾದ್ರೆ ಅದೊಂದೇ ಹತ್ತತ್ರ 100ರಿಂದ 115 ಮಿ.ಮೀ. ದಾರಿ ತಿಂದುಬಿಡುತ್ತೆ, 1.25 ಇಂಚಿನದ್ದು 70ರ ಆಸುಪಾಸು. ಕ್ಯಾಮೆರಾ ಹಾಕೋವಾಗ ಡಯಾಗನಲ್ ತೆಗೆದು ಪಕ್ಕಕ್ಕಿಡ್ತೀವಿ, ಅಲ್ಲಿಗೆ ಅಷ್ಟೂ ದಾರಿ ಖಾಲಿ. ಆ ಜಾಗ ತುಂಬಿಸೋಕೆ ಬೇಕಾದಷ್ಟು ದೂರ ಫೋಕಸರ್ (ಟೆಲಿಸ್ಕೋಪ್ ಹಿಂದೆ ನಾಬ್ ತಿರುಗಿಸಿ ಫೋಕಸ್ ಮಾಡೋ ಭಾಗ) ಹೊರಗೆ ಬರಲ್ಲ. ಕಥೆ ಇಷ್ಟೇ.

ಗೊಂದಲ ಶುರುವಾಗೋದು ಇದರ ಆಮೇಲೆ. ಸ್ಪೇಸರ್ ಅಂತ ಒಂದೇ ಹೆಸರಲ್ಲಿ ಕರೆದ್ರೂ ಅದು ಎರಡು ಬೇರೆ ಬೇರೆ ಗ್ಯಾಪಿಗೆ ಹೋಗುತ್ತೆ. ಒಂದು ಫೋಕಸರ್ ತುದಿಗೂ ಅದರ ಹಿಂದೆ ಬರೋ ಸಾಮಾನಿಗೂ ಮಧ್ಯೆ, ಇದು ಫೋಕಸ್ ಸಿಗೋಕೆ. ಇನ್ನೊಂದು ಫ್ಲಾಟ್ನರ್‌ಗೂ (ಫೋಟೋದ ಅಂಚಿನವರೆಗೂ ಫೋಕಸ್ ಸಮ ಇರೋ ಹಾಗೆ ಕ್ಯಾಮೆರಾ ಮುಂದೆ ಹಾಕೋ ಲೆನ್ಸು) ಸೆನ್ಸರ್‌ಗೂ ಮಧ್ಯೆ, ಇದು ಫೋಟೋದ ಮೂಲೆಯಲ್ಲಿರೋ ನಕ್ಷತ್ರಗಳು ಗುಂಡಗಿರೋಕೆ. ಮೊದಲನೇ ಗ್ಯಾಪಲ್ಲಿ 5 ಮಿ.ಮೀ. ಹೆಚ್ಚುಕಮ್ಮಿ ಆದ್ರೆ ಏನೂ ಆಗಲ್ಲ, ಫೋಕಸರ್ ನಾಬ್ ತಿರುಗಿಸಿದ್ರೆ ಸರಿಹೋಗುತ್ತೆ. ಎರಡನೇದ್ರಲ್ಲಿ 1 ಮಿ.ಮೀ. ಆಚೀಚೆ ಆದ್ರೂ ದೊಡ್ಡ ಸೆನ್ಸರಲ್ಲಿ ಕಾಣುತ್ತೆ, ನಾಬ್ ಎಷ್ಟು ತಿರುಗಿಸಿದ್ರೂ ಅದು ಸರಿಯಾಗಲ್ಲ ಯಾಕಂದ್ರೆ ನಾಬ್ ತಿರುಗಿಸಿದ್ರೆ ಫ್ಲಾಟ್ನರ್ರೂ ಕ್ಯಾಮೆರಾನೂ ಜೊತೆಗೇ ಹೋಗ್ತವೆ. ಈ ಎರಡನ್ನ ಬೇರೆ ಮಾಡಿ ಯೋಚನೆ ಮಾಡಿದ್ರೆ ಅರ್ಧ ದುಡ್ಡು ಉಳಿಯುತ್ತೆ.

ಮೊದಲನೇದನ್ನ ಅಳೆಯೋಕೆ ನನಗೆ ಗೊತ್ತಿರೋ ಅತಿ ಸುಲಭದ ದಾರಿ ಬಟರ್ ಪೇಪರು. ಬೇಕರಿಯಲ್ಲಿ ಕೇಕ್ ಕೆಳಗೆ ಹಾಕ್ತಾರಲ್ಲ ಅದೇ. ಚಂದ್ರ ಚೆನ್ನಾಗಿ ಕಾಣೋ ದಿನ ಟೆರೇಸಿಗೆ ಹೋಗಿ, ಡಯಾಗನಲ್, ಐಪೀಸ್ ಎಲ್ಲಾ ತೆಗೆದು ಫೋಕಸರ್ ಬಾಯಿ ಖಾಲಿ ಬಿಡಿ, ಡ್ರಾ ಟ್ಯೂಬ್ (ಫೋಕಸರ್‌ನಲ್ಲಿ ಒಳಗೆ ಹೊರಗೆ ಜರುಗೋ ಕೊಳವೆ) ಪೂರ್ತಿ ಒಳಗೆ ತಳ್ಳಿ, ಚಂದ್ರನ ಕಡೆ ತಿರುಗಿಸಿ, ಹಿಂದೆ ಆ ಪೇಪರ್ ಹಿಡಿದು ಹಿಂದೆ ಮುಂದೆ ಮಾಡಿ. ಒಂದು ಜಾಗದಲ್ಲಿ ಪುಟಾಣಿ ಚಂದ್ರ ಪೇಪರ್ ಮೇಲೆ ಬರ್ತಾನೆ. ನನ್ನದು 80 ಮಿ.ಮೀ. ಎಫ್/6 (ಅಂದ್ರೆ ಫೋಕಲ್ ಲೆಂತ್ ಲೆನ್ಸಿನ ಅಗಲದ ಆರು ಪಟ್ಟು), ಫೋಕಲ್ ಲೆಂತ್ 480, ಅದರಲ್ಲಿ ಚಂದ್ರನ ಅಳತೆ 4 ಮಿ.ಮೀ.ಗಿಂತ ಚೂರು ಜಾಸ್ತಿ, ಅಷ್ಟು ಸಣ್ಣದ್ರಲ್ಲೂ ಕಪ್ಪು ಕಲೆಗಳು ಕಾಣ್ತವೆ, ಮಕ್ಕಳಿದ್ರೆ ಕರೆದು ತೋರಿಸಿ. ಪಕ್ಕದ ಮನೆ ಎಲ್‌ಇಡಿ ಲೈಟ್ ಬೀಳ್ತಿದ್ರೆ ಒಂದು ಟವಲ್ ಹೊದ್ಕೊಳ್ಳಿ. ಚಂದ್ರನ ಅಂಚು ಶಾರ್ಪ್ ಆದ ಜಾಗದಲ್ಲಿ ಪೇಪರ್ ಹಿಡಿದಿಟ್ಟು, ಡ್ರಾ ಟ್ಯೂಬ್ ತುದಿಯಿಂದ ಪೇಪರ್‌ವರೆಗೆ ಇನ್ನೊಬ್ಬರ ಕೈಲಿ ಸ್ಕೇಲ್ ಇಡಿಸಿ ಓದಿಸಿ. ಇದನ್ನ ಸೂರ್ಯನ ಮೇಲೆ ಮಾತ್ರ ಮಾಡೋಕೆ ಹೋಗ್ಬೇಡಿ, ಪೇಪರ್ ಸುಡುತ್ತೆ, ಬಗ್ಗಿ ನೋಡಿದ್ರೆ ಕಣ್ಣೂ ಹೋಗುತ್ತೆ.

ಚಂದ್ರ ಇಲ್ಲ, ಹಗಲೇ ಮಾಡ್ತೀನಿ ಅಂದ್ರೂ ಆಗುತ್ತೆ, ಆದ್ರೆ ಹತ್ತಿರದ ವಸ್ತುವಿನ ಫೋಕಸ್ ಇನ್ನೂ ಹಿಂದೆ ಬೀಳುತ್ತೆ ಅನ್ನೋದು ನೆನಪಿರಲಿ. 480ರ ಟೆಲಿಸ್ಕೋಪಲ್ಲಿ 10 ಮೀಟರ್ ದೂರದ ಕಾಂಪೌಂಡ್ ಗೋಡೆ ನೋಡಿದ್ರೆ 24 ಮಿ.ಮೀ. ವ್ಯತ್ಯಾಸ ಬರುತ್ತೆ, 100 ಮೀಟರ್ ಆಚೆ ಅಪಾರ್ಟ್‌ಮೆಂಟ್ ಮೇಲಿನ ನೀರಿನ ಟ್ಯಾಂಕ್ ಆದ್ರೆ 2.3, ಒಂದು ಕಿಲೋಮೀಟರ್ ದೂರದ ಮೊಬೈಲ್ ಟವರ್ ಆದ್ರೆ ಕಾಲು ಮಿ.ಮೀ.ನೂ ಇಲ್ಲ. ಹಾಗಾಗಿ ಟವರ್ ನೋಡಿ ಅಳೆದ್ರೆ ನಕ್ಷತ್ರಕ್ಕೆ ಅಳೆದಂಗೇ ಲೆಕ್ಕ. ಎದುರು ಮನೆ ಬಾಲ್ಕನಿ ನೋಡಿ ಅಳೆದು ಸ್ಪೇಸರ್ ತರಿಸಿದ್ರೆ ರಾತ್ರಿ ಅದು ಉದ್ದ ಆಗಿ ಕೂರುತ್ತೆ.

ಈಗ ಲೆಕ್ಕ. ಪೇಪರ್ ಮೇಲೆ ಚಂದ್ರ 150 ಮಿ.ಮೀ. ಹಿಂದೆ ಸಿಕ್ಕಿದ ಅಂತಿಟ್ಕೊಳ್ಳಿ, ಡ್ರಾ ಟ್ಯೂಬ್ 75 ಮಿ.ಮೀ. ಹೊರಗೆ ಬರುತ್ತೆ. 110ರ ಡಯಾಗನಲ್ ಹಾಕಿದಾಗ 40 ಹೊರಗೆ ತಂದ್ರೆ ಫೋಕಸ್ಸು, ಆರಾಮ. ಅದೇ ಡಿಎಸ್‌ಎಲ್‌ಆರ್ ಹಾಕಿದ್ರೆ, ಲೆನ್ಸ್ ಬದಲು ಕ್ಯಾಮೆರಾಗೆ ಹಾಕೋ ಅಡಾಪ್ಟರ್ ಆದ ಟಿ-ರಿಂಗ್ ಮುಖದಿಂದ ಸೆನ್ಸರ್‌ವರೆಗೆ 55 (ಕ್ಯಾನನ್ ಇಎಫ್ ಬಾಡಿ ಒಳಗೆ 44, ರಿಂಗ್ 11, ನಿಕಾನ್ ಎಫ್ ಒಳಗೆ 46.5, ರಿಂಗ್ 8.5, ಎರಡೂ ಸೇರಿದ್ರೆ 55ಕ್ಕೇ ಬರೋ ಹಾಗೆ ರಿಂಗ್ ಮಾಡಿರ್ತಾರೆ). 150ರಲ್ಲಿ 55 ಹೋದ್ರೆ 95. ಫೋಕಸರ್ ಕೊಡೋದು 75. ಬರೀ 20 ಕಮ್ಮಿ ಬಂತು, ಅದಕ್ಕೇ ಬಿಳಿ ಉಂಡೆ.

ಹಾಗಂತ 20ರ ಸ್ಪೇಸರ್ ತಂದು ಹಾಕ್ಬೇಡಿ. ಅದು ಹಾಕಿದ್ರೆ ಫೋಕಸ್ ಸಿಗುತ್ತೆ ಆದ್ರೆ ಡ್ರಾ ಟ್ಯೂಬ್ ಪೂರ್ತಿ ಹೊರಗೆ, ತುದೀಲಿ ಕ್ಯಾಮೆರಾ ತೂಕ ನೇತಾಡ್ತಿರುತ್ತೆ, ಚೂರು ಬಗ್ಗುತ್ತೆ, ಫೋಟೋದ ಒಂದು ಪಕ್ಕ ಶಾರ್ಪು ಇನ್ನೊಂದು ಪಕ್ಕ ಮಬ್ಬು. ನನ್ನ ಪ್ರಕಾರ ಡ್ರಾ ಟ್ಯೂಬ್ 20ರಿಂದ 30 ಮಿ.ಮೀ. ಅಷ್ಟೇ ಹೊರಗಿರೋ ಹಾಗೆ ಸ್ಪೇಸರ್ ಆರಿಸ್ಬೇಕು, ಅಂದ್ರೆ ಈ ಲೆಕ್ಕದಲ್ಲಿ 65ರಿಂದ 75. ಪೂರ್ತಿ ಒಳಗೂ ಬೇಡ, ನಾಳೆ ಫಿಲ್ಟರ್ ಹಾಕ್ತೀರ, ಬೇರೆ ಕ್ಯಾಮೆರಾ ತರ್ತೀರ, ಎರಡೂ ಕಡೆ ಜಾಗ ಬೇಕು. ಚಳಿಗೆ ಅಂತ ಎಷ್ಟು ಬಿಡ್ಬೇಕು ಅಂತ ಕೇಳ್ತಾರೆ ಕೆಲವರು. ಅರ್ಧ ಮೀಟರ್ ಅಲ್ಯೂಮಿನಿಯಂ ಟ್ಯೂಬ್ 10 ಡಿಗ್ರಿ ತಣ್ಣಗಾದ್ರೆ ಕುಗ್ಗೋದು 0.1 ಮಿ.ಮೀ. ಚಿಲ್ಲರೆ, ನಮ್ಮೂರ ಚಳಿ ಎಲ್ಲಿ ಮಹಾ. ಆದ್ರೆ ಎಫ್/6ರಲ್ಲಿ ಫೋಕಸ್ ಶಾರ್ಪಾಗಿ ಇರೋ ಜಾಗವೂ ಸುಮಾರು 0.1 ಮಿ.ಮೀ.ಯೇ, ಹಾಗಾಗಿ ರಾತ್ರಿ ಮಧ್ಯೆ ಒಂದ್ಸಲ ಫೋಕಸ್ ನೋಡ್ಕೊಳ್ಳಿ. ಅದಕ್ಕೂ ಸ್ಪೇಸರ್‌ಗೂ ಸಂಬಂಧ ಇಲ್ಲ.

ಉಲ್ಟಾ ಕೇಸೂ ಇದೆ. ನಾಬ್ ತಿರುಗಿಸಿ ಡ್ರಾ ಟ್ಯೂಬ್ ಹೊರಗೆ ತರ್ತಾ ಹೋದಂಗೆ ನಕ್ಷತ್ರದ ಉಂಡೆ ಸಣ್ಣದಾಗ್ತಾ ಬಂದು ಕೊನೇಲಿ ನಿಂತ್ರೆ ಸ್ಪೇಸರ್ ಬೇಕು ಅಂತ, ಒಳಗೆ ತಳ್ಳಿದಂಗೆ ಸಣ್ಣದಾಗ್ತಾ ಹೋಗಿ ಒಳಗಡೆ ಡಿಕ್ಕಿ ಹೊಡೆದು ನಿಂತ್ರೆ ಸ್ಪೇಸರ್ ಹಾಕಿದಷ್ಟೂ ಕೆಡುತ್ತೆ. ಬೈನೋವ್ಯೂವರ್ (ಎರಡೂ ಕಣ್ಣಲ್ಲಿ ನೋಡೋಕೆ ಹಾಕೋದು) ಹಾಕೋರಿಗೆ, ರಿಡ್ಯೂಸರ್ (ಫೋಕಲ್ ಲೆಂತ್ ಕಮ್ಮಿ ಮಾಡೋ ಲೆನ್ಸು) ಜೊತೆ ಫಿಲ್ಟರ್ ವೀಲು (ಫಿಲ್ಟರ್ ಬದಲಾಯಿಸೋ ಚಕ್ರ), ನಕ್ಷತ್ರ ಹಿಂಬಾಲಿಸೋ ಗೈಡರು ಎಲ್ಲಾ ಸಾಲಾಗಿ ಪೋಣಿಸೋರಿಗೆ ಹೀಗಾಗುತ್ತೆ. ಅಲ್ಲಿ ಇರೋ ಅಡಾಪ್ಟರ್‌ಗಳನ್ನೇ ಗಿಡ್ಡ ಮಾಡ್ಬೇಕು, ಕೆಲವು ಟೆಲಿಸ್ಕೋಪ್‌ಗಳಲ್ಲಿ ಟ್ಯೂಬಿನ ಒಂದು ತುಂಡು ಬಿಚ್ಚೋಕೆ ಬರುತ್ತೆ, ಅದಿದ್ರೆ ಅದೃಷ್ಟ.

ಚಂದ್ರನೂ ಇಲ್ಲ ಪೇಪರೂ ಇಲ್ಲ ಅಂದ್ರೆ ಇನ್ನೊಂದು ಉಪಾಯ. ಡ್ರಾ ಟ್ಯೂಬ್ ಪೂರ್ತಿ ಹೊರಗೆ ತಂದಿಟ್ಟು, ಕ್ಯಾಮೆರಾ ನೋಸ್‌ಪೀಸ್ (ಫೋಕಸರ್ ಒಳಗೆ ತೂರೋ ಕೊಳವೆ) ಹಿಡಿದಿರೋ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಕ್ಯಾಮೆರಾನ ಗಟ್ಟಿಯಾಗಿ ಕೈಲಿ ಹಿಡಿದು (ಕುತ್ತಿಗೆಗೆ ಬೆಲ್ಟ್ ಹಾಕ್ಕೊಂಡೇ ಮಾಡಿ ಪ್ಲೀಸ್) ಲೈವ್ ವ್ಯೂ ನೋಡ್ತಾ ಹೊರಗೆ ಎಳೀರಿ. ಎಷ್ಟು ಎಳೆದಾಗ ಉಂಡೆ ಚುಕ್ಕಿ ಆಯ್ತೋ ಅಷ್ಟು ಕೊರತೆ. ಅಲುಗಾಡುತ್ತೆ, ನಿಖರ ಅಲ್ಲ, ಆದ್ರೂ ಗ್ರೂಪಲ್ಲಿ ಕೇಳಿ ಗೆಸ್ ಮಾಡೋದಕ್ಕಿಂತ ಎಷ್ಟೋ ವಾಸಿ.

ಇನ್ನು ಎರಡನೇ ಗ್ಯಾಪು. ಫ್ಲಾಟ್ನರ್ ಇಲ್ದೇ ಚಂದ್ರ, ಗುರು ಅಷ್ಟೇ ತೆಗೆಯೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗ್ಬಹುದು. ಬಹಳಷ್ಟು ಫ್ಲಾಟ್ನರ್‌ಗಳು ತಮ್ಮ ಹಿಂದೆ 55 ಮಿ.ಮೀ. ದೂರದಲ್ಲಿ ಸೆನ್ಸರ್ ಇರ್ಬೇಕು ಅಂತ ಮಾಡಿರೋವು, ಡಿಎಸ್‌ಎಲ್‌ಆರ್ ಕಾಲದಿಂದ ಬಂದ ರೂಢಿ ಅದು. ಡಿಎಸ್‌ಎಲ್‌ಆರ್‌ನವರು ಟಿ-ರಿಂಗ್ ಹಾಕಿದ್ರೆ ಮುಗೀತು, ಏನೂ ಯೋಚನೆ ಮಾಡೋದೇ ಬೇಡ. ಕೂಲ್ಡ್ ಆಸ್ಟ್ರೋ ಕ್ಯಾಮೆರಾ (ಸೆನ್ಸರ್ ತಣ್ಣಗಿಡೋ, ಆಕಾಶಕ್ಕೇ ಮಾಡಿದ ಕ್ಯಾಮೆರಾ) ತಗೊಂಡವರಿಗೇ ತಲೆನೋವು. ಅದರಲ್ಲಿ ಎಷ್ಟೋ ಮಾಡೆಲ್‌ಗಳಲ್ಲಿ ಮುಖದಿಂದ ಸೆನ್ಸರ್‌ಗೆ 17.5 ಮಿ.ಮೀ., ಉಳಿದ 37.5 ನಾವು ತುಂಬ್ಬೇಕು, ಬಾಕ್ಸಲ್ಲಿ ಬರೋ 21 ಮತ್ತು 16.5ರ ರಿಂಗ್ ಕೂಡಿಸಿದ್ರೆ ಸರಿಯಾಗಿ ಅಷ್ಟೇ. ಮಧ್ಯೆ 20 ಮಿ.ಮೀ. ದಪ್ಪದ ಫಿಲ್ಟರ್ ವೀಲ್ ತಂದ್ರೆ 21ರ ರಿಂಗ್ ತೆಗೀತೀರ, ಅಲ್ಲಿಗೆ 1 ಮಿ.ಮೀ. ಕಮ್ಮಿ ಆಯ್ತು. ಅದರ ಮೇಲೆ ಫಿಲ್ಟರ್ ಗಾಜು ಬೆಳಕಿನ ದಾರಿಯನ್ನ ತನ್ನ ದಪ್ಪದ ಮೂರನೇ ಒಂದು ಭಾಗದಷ್ಟು ಹಿಂದಕ್ಕೆ ತಳ್ಳುತ್ತೆ, 2 ಮಿ.ಮೀ. ಗಾಜಿಗೆ ಸುಮಾರು 0.7. ಅಂದ್ರೆ ಈಗ ಬೇಕಾಗಿರೋದು 55 ಅಲ್ಲ 55.7, ಇರೋದು 54, ಕೊರತೆ 1.7. ಇದಕ್ಕೇ 0.3, 0.5, 1 ಮಿ.ಮೀ. ತೆಳು ರಿಂಗ್‌ಗಳು ಬರ್ತವೆ, ಪ್ಲಾಸ್ಟಿಕ್‌ದೂ ಇದೆ ಅಲ್ಯೂಮಿನಿಯಂದೂ ಇದೆ. ಇನ್ನೊಂದು, ಆ 55 ಎಲ್ಲಿಂದ ಶುರು ಅಂತ ಕಂಪನಿಯವರ ಡ್ರಾಯಿಂಗಲ್ಲಿ ನೋಡಿ. ಸಾಮಾನ್ಯವಾಗಿ ಹಿಂದಿನ ಥ್ರೆಡ್ ಬುಡದ ಭುಜದಿಂದ (ಇನ್ನೊಂದು ರಿಂಗ್ ಬಂದು ಕೂರೋ ಸಮತಟ್ಟು ಮುಖ) ಅಳೀತಾರೆ, ಥ್ರೆಡ್ ತುದಿಯಿಂದ ಅಲ್ಲ, ಗಾಜಿನಿಂದಂತೂ ಅಲ್ಲವೇ ಅಲ್ಲ. ಎಲ್ಲಾ ಫ್ಲಾಟ್ನರ್‌ಗೂ 55 ಅಂತಾನೂ ಇಲ್ಲ, ಟೆಲಿಸ್ಕೋಪಿನ ಫೋಕಲ್ ಲೆಂತ್ ಮೇಲೆ ಬದಲಾಗೋವು ಇವೆ, ಅದರ ಟೇಬಲ್ ಕಂಪನಿಯವರೇ ಕೊಟ್ಟಿರ್ತಾರೆ.

ಸರಿಯಾಯ್ತೋ ಇಲ್ವೋ ಅಂತ ಫೋಟೋನೇ ಹೇಳುತ್ತೆ. ನಕ್ಷತ್ರ ತುಂಬಿರೋ ಜಾಗ ಒಂದು ತೆಗೆದು ನಾಲ್ಕೂ ಮೂಲೆ ಝೂಮ್ ಮಾಡಿ. ನಕ್ಷತ್ರಗಳು ಮಧ್ಯದಿಂದ ಹೊರಕ್ಕೆ ಗೆರೆ ಎಳೆದಂಗೆ ಉದ್ದ ಆಗಿದ್ರೆ ಸಾಮಾನ್ಯವಾಗಿ ಸೆನ್ಸರ್ ಹತ್ತಿರ ಜಾಸ್ತಿ ಆಗಿದೆ, ರಿಂಗ್ ಸೇರಿಸಿ. ಮಧ್ಯದ ಸುತ್ತ ಸುತ್ತಿದಂಗೆ ಅಡ್ಡಡ್ಡ ಉದ್ದ ಆಗಿದ್ರೆ ದೂರ ಜಾಸ್ತಿ, ರಿಂಗ್ ತೆಗೀರಿ. ಒಂದೇ ಮೂಲೆ ಕೆಟ್ಟು ಎದುರು ಮೂಲೆ ಚೆನ್ನಾಗಿದ್ರೆ ಅದು ಸ್ಪೇಸರ್ ವಿಷಯವೇ ಅಲ್ಲ, ಎಲ್ಲೋ ಓರೆಯಾಗಿ ಕೂತಿದೆ. ಇದರ ಹಿಂದೆ ಬಿದ್ದು ತಿಂಗಳುಗಟ್ಟಲೆ 0.2 ಮಿ.ಮೀ. ರಿಂಗ್ ಬದಲಾಯಿಸ್ತಾ ಕೂರೋ ಜನ ಇದಾರೆ, ಅವರ ಹಾರ್ಡ್ ಡಿಸ್ಕಲ್ಲಿ ಮೂಲೆ ನಕ್ಷತ್ರಗಳ ಫೋಟೋ ಬಿಟ್ರೆ ಬೇರೇನೂ ಇರಲ್ಲ. ಸಣ್ಣ ಚೌಕದ ಸೆನ್ಸರ್ ಆಗಿದ್ರೆ ಅರ್ಧ ಮಿ.ಮೀ. ಒಳಗೆ ಬಂದ್ಮೇಲೆ ಬಿಟ್ಟು ಓರಿಯನ್ ನೆಬ್ಯುಲಾ ತೆಗೀರಿ ಅಂತ ನನ್ನ ಅಭಿಪ್ರಾಯ.

ತಗೊಳ್ಳೋವಾಗ ನೋಡ್ಬೇಕಾಗಿರೋದು ಥ್ರೆಡ್ಡು. ನಮ್ಮ ಲೋಕದಲ್ಲಿ ಜಾಸ್ತಿ ಓಡೋದು ಎಂ42 ಮತ್ತು ಎಂ48 (ಅಂದ್ರೆ 42, 48 ಮಿ.ಮೀ. ಅಗಲ), ಎರಡರದ್ದೂ ಪಿಚ್ (ಥ್ರೆಡ್‌ನ ಒಂದು ಗೆರೆಯಿಂದ ಇನ್ನೊಂದಕ್ಕೆ ಇರೋ ದೂರ) 0.75 ಮಿ.ಮೀ. ದೊಡ್ಡ ಸೆನ್ಸರ್‌ಗೆ ಎಂ54. ಹಳೇ ಫಿಲ್ಮ್ ಕ್ಯಾಮೆರಾದ ಸ್ಕ್ರೂ ಮೌಂಟ್ ಕೂಡಾ ಎಂ42 ಅಂತಾನೇ ಇರುತ್ತೆ, ಆದ್ರೆ ಅದರ ಪಿಚ್ 1. ಸಂಡೇ ಬಜಾರ್‌ನಲ್ಲಿ ಹಳೇ ಕ್ಯಾಮೆರಾ ಸಾಮಾನಿನ ರಾಶಿಯಲ್ಲಿ ಅಂಥ ಎಕ್ಸ್‌ಟೆನ್ಷನ್ ಟ್ಯೂಬ್ ಅಗ್ಗಕ್ಕೆ ಸಿಕ್ರೆ ಖುಷಿಯಾಗಿ ತಂದುಬಿಡ್ಬೇಡಿ, ಒಂದೂವರೆ ಸುತ್ತು ಹೋಗಿ ಕಚ್ಕೊಳ್ಳುತ್ತೆ, ಬಲ ಹಾಕಿದ್ರೆ ಎರಡೂ ಕಡೆ ಥ್ರೆಡ್ ಹೋಗುತ್ತೆ. ಉದ್ದದ ಲೆಕ್ಕದಲ್ಲೂ ಒಂದು ಮೋಸ ಇದೆ, ರಿಂಗ್‌ನ ಒಟ್ಟು ಉದ್ದ ಅಳೆದ್ರೆ ಹೊರಮೈಯಲ್ಲಿರೋ ಮೇಲ್ (male) ಥ್ರೆಡ್ಡೂ ಸೇರ್ಕೊಳ್ಳುತ್ತೆ, ಅದು ಇನ್ನೊಂದರ ಒಳಗೆ ಹೋಗಿ ಮಾಯ ಆಗೋ ಭಾಗ. ಭುಜದಿಂದ ಭುಜಕ್ಕೆ ಮಾತ್ರ ಅಳೀಬೇಕು. ಅದಕ್ಕೆ ಒಂದು ಡಿಜಿಟಲ್ ವರ್ನಿಯರ್ ತಗೊಳ್ಳಿ, ಎಸ್‌ಪಿ ರೋಡಲ್ಲಿ ಸಿಗೋ ಸಾದಾ ಪೀಸ್ ಸಾಕು. ಹತ್ತು ಸೈಜಿನ ರಿಂಗ್ ಇರೋ ಸೆಟ್ ಅಂತ ಬರುತ್ತಲ್ಲ, ಅದು ಮದುವೆಗೆ ಬಂದ ಸ್ಟೀಲ್ ಡಬ್ಬಿ ಸೆಟ್ ಥರ, ಬಳಸೋದು ಎರಡು, ಉಳಿದಿದ್ದು ಅಟ್ಟದ ಮೇಲೆ. ಸಣ್ಣ ಸಣ್ಣ ರಿಂಗ್ ಆರು ಜೋಡಿಸೋದಕ್ಕಿಂತ ಉದ್ದದ್ದೊಂದು ಹಾಕಿದ್ರೆ ಗಟ್ಟಿ, ಪ್ರತಿ ಜಾಯಿಂಟಲ್ಲೂ ಒಂದಿಷ್ಟು ಓರೆ ಸೇರ್ತಾ ಹೋಗುತ್ತೆ. ಫುಲ್ ಫ್ರೇಮ್‌ನವರು ಉದ್ದದ ಎಂ42 ಟ್ಯೂಬ್ ಹಾಕಲೇಬೇಡಿ, ಸೆನ್ಸರ್ ಕರ್ಣ 43 ಮಿ.ಮೀ., ಟ್ಯೂಬಿನ ಒಳಬಾಯಿ ಅದಕ್ಕಿಂತ ಸಣ್ಣದು, ಮೂಲೆ ಕಪ್ಪಾಗುತ್ತೆ.

ಬೇಕಾದ ಉದ್ದ ಅಂಗಡಿಯಲ್ಲಿ ಸಿಗದೇ ಹೋದ್ರೆ ಬೆಂಗಳೂರಲ್ಲಿರೋರಿಗೆ ಪೀಣ್ಯ ಕೈಗಾರಿಕಾ ಪ್ರದೇಶ ಇದೆ, ಬೇರೆ ಊರಿನವರಿಗೆ ಅಷ್ಟು ಸುಲಭ ಅಲ್ಲ ಇದು. ನಾನು ಎಂ48ರ 68 ಮಿ.ಮೀ. ಟ್ಯೂಬ್ ಒಂದನ್ನ ಅಲ್ಲೇ ಒಂದು ಸಣ್ಣ ಲೇತ್ ಶೆಡ್ಡಲ್ಲಿ ಮಾಡಿಸಿದ್ದು. ಡ್ರಾಯಿಂಗ್ ಬರ್ಕೊಂಡು ಹೋಗಿ, ಜೊತೆಗೆ ನಿಮ್ಮ ಟಿ-ರಿಂಗೂ ಫ್ಲಾಟ್ನರ್ರೂ ತಗೊಂಡು ಹೋಗಿ, ಟರ್ನರ್‌ಗೆ ಅದೇ ಗೇಜು. ಅಲ್ಯೂಮಿನಿಯಂ ರಾಡ್ ಚಕ್‌ಗೆ ಕಟ್ಟಿ, ಒಳಗಡೆ ಬೋರ್ ಮಾಡಿ, 0.75 ಪಿಚ್‌ಗೆ ಗೇರ್ ಬದಲಾಯಿಸಿ, ಬ್ರಷ್ಷಲ್ಲಿ ಸೀಮೆಎಣ್ಣೆ ಹಚ್ತಾ ಹಚ್ತಾ ಥ್ರೆಡ್ ತೆಗೆದ್ರು ಅವರು, ಪ್ರತಿ ಪಾಸ್ ಆದ್ಮೇಲೂ ನನ್ನ ಟಿ-ರಿಂಗ್ ತಿರುಗಿಸಿ ನೋಡೋದು, ಬಿಗಿ ಇದೆ ಅಂತ ಇನ್ನೊಂದು ಕೂದಲೆಳೆಯಷ್ಟು ಟೂಲ್ ಕೊಡೋದು. ಕೊನೇ ಸಲ ರಿಂಗ್ ಎರಡು ಬೆರಳಲ್ಲೇ ತಿರುಗಿ ಭುಜಕ್ಕೆ ಟಕ್ ಅಂತ ಕೂತಾಗ "ಯಾವ್ ಮಿಷಿನ್ದು ಸಾರ್ ಇದು?" ಅಂದ್ರು. ಚಂದ್ರನ ಫೋಟೋ ತೆಗೆಯೋಕೆ ಅಂದೆ. ನನ್ನ ಮುಖ ಒಂದ್ಸಲ ನೋಡಿ, "ಹಂಗಾರೆ ಟಾಲರೆನ್ಸ್ ಎಷ್ಟು ಕೊಡ್ಲಿ?" ಅಂತ ಕೇಳಿದ್ರು, ಕೆಲಸದವರು ಅಂದ್ರೆ ಹಿಂಗಿರ್ಬೇಕು.

ಅವರಿಗೆ ಹೇಳ್ಬೇಕಾಗಿರೋದು ಮೂರು ಮಾತು. ಎರಡೂ ಮುಖ ಒಂದಕ್ಕೊಂದು ಸಮಾನಾಂತರ ಇರ್ಬೇಕು, ಇಲ್ಲಾಂದ್ರೆ ನೀವೇ ದುಡ್ಡು ಕೊಟ್ಟು ಓರೆ ಮಾಡಿಸ್ಕೊಂಡಂಗೆ. ಮೇಲ್ ಥ್ರೆಡ್ ಬುಡದಲ್ಲಿ ಸಣ್ಣ ಅಂಡರ್‌ಕಟ್ (ತೋಡು) ತೆಗೀಲಿ, ಆಗ್ಲೇ ಭುಜ ಪೂರ್ತಿ ಕೂರೋದು. ಒಳಗೋಡೆ ಪಾಲಿಶ್ ಮಾಡೋದು ಬೇಡ ಅಂತ ಒತ್ತಿ ಹೇಳಿ, ಪ್ರೀತಿಯಿಂದ ಕನ್ನಡಿ ಥರ ಹೊಳಪು ಮಾಡಿಕೊಟ್ಟುಬಿಡ್ತಾರೆ, ಆಮೇಲೆ ಪಕ್ಕದ ಬೀದಿ ದೀಪವೆಲ್ಲಾ ಫೋಟೋದಲ್ಲಿ. ಒರಟಾಗಿ ಗೆರೆ ಗೆರೆ ಬಿಟ್ರೆ ಒಳ್ಳೇದು. ಕಪ್ಪು ಅನೋಡೈಸಿಂಗ್ ಅಲ್ಲೇ ಸುತ್ತಮುತ್ತ ಮಾಡ್ತಾರೆ, ಒಂದೇ ಪೀಸ್‌ಗೆ ಬಹಳ ಜನ ಒಪ್ಪಲ್ಲ, ಇನ್ನೊಬ್ಬರ ಲಾಟ್ ಜೊತೆ ಹಾಕಿಸ್ಬೇಕು. ಅದೂ ಬೇಡ ಅಂದ್ರೆ ಥ್ರೆಡ್ ಬಿಟ್ಟು ಒಳಗಡೆಗೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಹೊಡೀರಿ, ಮ್ಯಾಟ್ ಇರುತ್ತೆ, ಪೂರ್ತಿ ವಾಸನೆ ಹೋಗೋವರೆಗೂ ಒಣಗಿಸಿ ಆಮೇಲೆ ಲೆನ್ಸ್ ಹತ್ರ ತನ್ನಿ.

ಎರಡು ಅಲ್ಯೂಮಿನಿಯಂ ರಿಂಗ್ ಒಂದಕ್ಕೊಂದು ಕಚ್ಕೊಂಡು ಬಿಚ್ಚೋಕೆ ಬರದೇ ಹೋಗೋದು ಇದರಲ್ಲಿ ಮಾಮೂಲು, ಅದೂ ರಾತ್ರಿ ಚಿಕ್ಕಬಳ್ಳಾಪುರ ದಾಟಿ ಎಲ್ಲೋ ಹೊಲದ ಬದೀಲಿ ನಿಂತಾಗಲೇ. ಗಟ್ಟಿಯಾಗಿ ಹಿಡಿದಷ್ಟೂ ರಿಂಗ್ ಅಂಡಾಕಾರ ಆಗಿ ಇನ್ನೂ ಬಿಗಿಯಾಗುತ್ತೆ, ಹಗುರ ಹಿಡೀಬೇಕು. ಹಳೇ ಸೈಕಲ್ ಟ್ಯೂಬಿನ ಎರಡು ತುಂಡು ಬ್ಯಾಗಲ್ಲಿರಲಿ, ಎರಡೂ ರಿಂಗಿಗೆ ಒಂದೊಂದು ಸುತ್ತಿ ಮೆಲ್ಲಗೆ ತಿರುಗಿಸಿದ್ರೆ ಸಾಮಾನ್ಯವಾಗಿ ಬರುತ್ತೆ. ಮಧ್ಯೆ ಒಂದು ತೆಳು ಪ್ಲಾಸ್ಟಿಕ್ ರಿಂಗ್ ಹಾಕಿಟ್ರೆ ಕಚ್ಕೊಳ್ಳೋದೇ ಕಮ್ಮಿ, ಅದರ ದಪ್ಪ ಲೆಕ್ಕಕ್ಕೆ ಸೇರಿಸ್ಕೊಳ್ಳಿ ಅಷ್ಟೇ. ಥ್ರೆಡ್ಡಿಗೆ ತೆಂಗಿನೆಣ್ಣೆ, ಮಿಷಿನ್ ಎಣ್ಣೆ ಅಂತ ಏನೂ ಹಚ್ಬೇಡಿ, ಹರಿದು ಹೋಗಿ ಫ್ಲಾಟ್ನರ್ ಗಾಜಿನ ಮೇಲೆ ಕೂರುತ್ತೆ. ಪೆನ್ಸಿಲ್ ಸೀಸ ಥ್ರೆಡ್ ಮೇಲೆ ಒಂದು ಸುತ್ತು ಉಜ್ಜಿ, ಪುಡಿ ಊದಿ, ಆಮೇಲೆ ಜೋಡಿಸಿ.